ಸವಣೂರಿನ ಹದಿನೆಂಟು ಬೈಟುಗಳು

ಮಾನವಿಲ್ಲದ ಅಳತೆಗೆ ಅರ್ಥವಿಲ್ಲವೆಂದು ಭೌತವಿಜ್ಞಾನದ ತರಗತಿಯಲ್ಲಿ ನಾವು ಹೇಳುವುದುಂಟು. '5' ಎಂದರೆ ಸಾಲದು. ಮೀಟರೋ ಮೈಲಿಯೋ ತಿಳಿಯಬೇಕು. ಗಣಕಯಂತ್ರದೊಳಗಿನ ಅಕ್ಷರಗಳಿಗೂ ಈ ನಿಯಮವೇ ಅನ್ವಯಿಸುವುದು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವು ಹಾವೇರಿ ಜಿಲ್ಲೆಯ ತಾಲ್ಲೂಕುಗಳು. ರೈತನ ಪಹಣಿಯಲ್ಲಿ ತಾಲ್ಲೂಕಿನ ಹೆಸರು ಕನ್ನಡದಲ್ಲಿರುವುದು. ಗಣಕಯಂತ್ರವಾದರೋ ಅಂಕೆಗಳನ್ನು ಮಾತ್ರ ಬಲ್ಲುದು. ಯಾವ ಅಕ್ಷರಕ್ಕೆ ಯಾವ ಅಂಕೆಯೆಂಬ ಒಪ್ಪಂದವೇ ಅಕ್ಷರಸಂಕೇತ.

ಇಂತಹ ಒಪ್ಪಂದಗಳು ಹಲವು. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಸಕಾರಕ್ಕೆ 215 ಎಂಬ ಒಂದೇ ಬೈಟು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ 224, 178, 184 ಎಂಬ ಮೂರು ಬೈಟುಗಳು. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ರಚಿತವಾದ ಲ್ಯಾಟಿನ್-1ರಲ್ಲಿ 215 ಎಂದರೆ ಗುಣಾಕಾರದ ಚಿಹ್ನೆ!

'ಸವಣೂರು' ಎಂಬಲ್ಲಿ ಸ, ವ, ಣ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ ಎಂದು ಆರು ಘಟಕಗಳು. ಯುಟಿಎಫ್-8ರಲ್ಲಿ 18 ಬೈಟುಗಳು. ಈ ಹೆಸರು ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಹೋಗಬೇಕೆಂದು ಭಾವಿಸೋಣ. ನಡುವೆ ಸಂದೇಶಗಳ ಸರದಿಯುಂಟು. ಪಡೆಯುವ ಯಂತ್ರಕ್ಕೆ ಬಿಡುವಾಗುವವರೆಗೆ ಸಂದೇಶಗಳನ್ನು ಕಾದಿರಿಸುವುದು ಅದರ ಕೆಲಸ. ಡೇಟಾಬೇಸಿಗೆ ತನ್ನ ಸಂಕೇತ ಯಾವುದೆಂದು ಗೊತ್ತು. ಸರದಿಯು ಅಂಚೆಯವನಂತೆ ಲಕೋಟೆಯನ್ನೊಯ್ಯುವುದೇ ಹೊರತು ಒಳಗಿನ ಲಿಪಿಯನ್ನು ನೋಡದು. ಹೀಗೆ ಸಂಕೇತದ ಹೆಸರು ಹಿಂದುಳಿದು ಬೈಟುಗಳಷ್ಟೇ ಮುಂದೆ ಸಾಗುವ ಸಂಭವವುಂಟು.

ಪಡೆದ ಯಂತ್ರವು ಅವನ್ನು ಲ್ಯಾಟಿನ್-1 ಎಂದು ಭ್ರಮಿಸಿದರೆ 18 ಬೈಟುಗಳು 18 ಬೇರೆ ಚಿಹ್ನೆಗಳಾಗುವುವು. ಅವನ್ನೇ ಮತ್ತೆ ಯುಟಿಎಫ್-8ಕ್ಕೆ ತಿರುಗಿಸಿದರೆ ಒಂದೊಂದೂ ಎರಡೆರಡು ಬೈಟಾಗಿ 36 ಆಗುವುವು. ಎಲ್ಲಿಯೂ ಯಂತ್ರವು ತಪ್ಪೆಂದು ಎಚ್ಚರಿಸದು. ಆದರೆ 'ಸವಣೂರು' ಎಂದು ಹುಡುಕಿದಾಗ ರೈತನ ದಾಖಲೆ ದೊರೆಯದು.

'ಹಿರೇಕೆರೂರು' 30 ಬೈಟು. ಡೇಟಾಬೇಸಿನಲ್ಲಿ 20 ಬೈಟುಗಳ ಸ್ಥಳ ಮಾತ್ರವಿದ್ದು ಉಳಿದುದನ್ನು ಕತ್ತರಿಸಿದರೆ, 'ಹಿರೇಕೆ' ಉಳಿದು ಮುಂದಿನ ರಕಾರ ತುಂಡಾಗುವುದು. ಈ ಎರಡು ದೋಷಗಳಲ್ಲಿ ಭೇದವುಂಟು. 36 ಆದುದನ್ನು ಹಿಂದಿನ ಹೆಜ್ಜೆಗಳಲ್ಲೇ ನಡೆಸಿ 18 ಮಾಡಬಹುದು. ಕತ್ತರಿಸಿ ಹೋದುದು ಮರಳಿ ಬಾರದು.

ಆದುದರಿಂದ ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಸಂದೇಶದೊಡನೆ ಸಂಕೇತದ ಹೆಸರನ್ನೂ ಕಳುಹಿಸಬೇಕು. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಮಾತ್ರ ಪರಿವರ್ತಿಸಬೇಕು. ಸ್ಥಳದ ಮಿತಿಯನ್ನು ಗೊತ್ತುಮಾಡುವಾಗ ಅಕ್ಷರಕ್ಕೆ ಒಂದೇ ಬೈಟೆಂದು ಎಣಿಸಬಾರದು.

'ಹಾನಗಲ್ಲ' ಎಂಬುದಕ್ಕೆ ಎಷ್ಟು ಬೈಟುಗಳೆಂಬುದನ್ನು ವಿದ್ಯಾರ್ಥಿಗಳೇ ಎಣಿಸಿ ನೋಡಲಿ. ಒತ್ತಕ್ಷರದಲ್ಲಿ ಅಡಗಿರುವ ಹಲಂತ ಚಿಹ್ನೆಯನ್ನು ಮರೆಯದಿದ್ದರೆ 21 ಎಂಬ ಉತ್ತರ ಬರುವುದು.