ಎರಡು ಪ್ರಾಚೀನ ಪ್ರಹಸನಗಳು ಮತ್ತು ಅವುಗಳ ರಂಗಚರಿತ್ರೆ

ಹಾಸ್ಯರಸ ಪ್ರಧಾನವಾದ ರೂಪಕವನ್ನು ಭರತಮುನಿಯು ಪ್ರಹಸನವೆಂದು ಕರೆದು, ಅದನ್ನು ಶುದ್ಧ, ಸಂಕೀರ್ಣವೆಂದು ಎರಡಾಗಿ ವಿಂಗಡಿಸಿರುವನು. ಈ ಜಾತಿಯ ಪ್ರಾಚೀನ ಕೃತಿಗಳಲ್ಲಿ ‘ಮತ್ತವಿಲಾಸ’ ಹಾಗೂ ‘ಭಗವದಜ್ಜುಕ’ ಪ್ರಸಿದ್ಧವಾದವು. ಕಂಚಿಯ ಸಮೀಪದ ಮಾಮಂಡೂರಿನ ಗುಹಾಶಾಸನದಲ್ಲಿ ಇವೆರಡರ ಹೆಸರೂ ಒಟ್ಟಿಗೆ ಬಂದಿರುವುದರಿಂದ ವಿದ್ವಾಂಸರು ಇವುಗಳನ್ನು ಅವಳಿಗಳಂತೆ ಭಾವಿಸುತ್ತ ಬಂದಿದ್ದಾರೆ. ಮೊದಲನೆಯದು ಪಲ್ಲವ ಮಹೇಂದ್ರವರ್ಮನದೆಂಬುದಕ್ಕೆ ಅದರ ಪ್ರಸ್ತಾವನೆಯೇ ಪ್ರಮಾಣ. ಎರಡನೆಯದರ ಪ್ರಸ್ತಾವನೆಯಲ್ಲಿ ಕರ್ತೃವಿನ ಹೆಸರಿಲ್ಲ; ಬೋಧಾಯನನದೆಂಬ ಮತವೂ ಉಂಟು. ಸವೆದುಹೋದ ಶಾಸನವೊಂದರ ಬಲದಿಂದಲೇ ಎರಡನ್ನೂ ಒಬ್ಬನಿಗೆ ಆರೋಪಿಸುವುದು ಅವಸರವೆಂದು ನನ್ನ ಅಭಿಪ್ರಾಯ.

ಮಹೇಂದ್ರವರ್ಮನು ನಮಗೆ ಅಪರಿಚಿತನಲ್ಲ. 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯ ಶಾಸನವಿದೆ (ಕ್ರಿ.ಶ. 634). ಇಮ್ಮಡಿ ಪುಲಕೇಶಿಯ ದಂಡಿಗೆ ಅಂಜಿ ಕಂಚಿಯ ಕೋಟೆಯೊಳಗೆ ಅಡಗಿದನೆಂದು ಅದು ಬಣ್ಣಿಸುವ ಪಲ್ಲವನು ಈತನೇ ಎಂದು ಇತಿಹಾಸಕಾರರು ಹೇಳುತ್ತಾರೆ. ಆ ಕಂಚಿಯ ಬೀದಿಯೇ ಮತ್ತವಿಲಾಸದ ರಂಗಸ್ಥಳ! ಸುರಾಪಾನಮತ್ತನಾದ ಕಾಪಾಲಿಕ ಸತ್ಯಸೋಮನು ತನ್ನ ಕಪಾಲವನ್ನು ಕಳೆದುಕೊಂಡು ಬೌದ್ಧಭಿಕ್ಷು ನಾಗಸೇನನ ಮೇಲೆ ಕಳವಿನ ಅಪವಾದ ಹೊರಿಸುತ್ತಾನೆ. ಪಾಶುಪತನೊಬ್ಬನು ಪಂಚಾಯಿತಿಗೆ ನಿಲ್ಲುತ್ತಾನೆ. ಕಪಾಲವನ್ನು ಒಯ್ದದ್ದು ನಾಯಿ. ಅದು ಕೊನೆಗೆ ಸಿಕ್ಕುವುದು ಹುಚ್ಚನೊಬ್ಬನ ಕೈಯಲ್ಲಿ.

ಮಠದ ಶಾಲೆಯ ಸಂಪುಟದಲ್ಲಿ ಯತಿಗಳನ್ನು ನಗುವ ನಾಟಕದ ವಿಚಾರವೇಕೆಂದು ಹಿರಿಯರು ಕೇಳಿಯಾರು. ಉತ್ತರವು ಇವುಗಳ ರಂಗಚರಿತ್ರೆಯಲ್ಲಿಯೇ ಇದೆ. ಟಿ. ಗಣಪತಿಶಾಸ್ತ್ರಿಗಳು 1917ರಲ್ಲಿ ತಿರುವನಂತಪುರದಿಂದ ಮತ್ತವಿಲಾಸವನ್ನು ಅಚ್ಚುಮಾಡಿಸುವ ಬಹುಪೂರ್ವದಿಂದಲೂ ಕೇರಳದ ಚಾಕ್ಯಾರರು ಅದನ್ನು ಆಡುತ್ತಿದ್ದರು. ಆಡಿದ್ದಾದರೂ ಎಲ್ಲಿ? ದೇವಾಲಯಗಳಲ್ಲಿ. ಅಲ್ಲಿ ಕುಡುಕ ಕಾಪಾಲಿಕನ ವೇಷವು ಸಂತಾನಾಪೇಕ್ಷಿಗಳ ಹರಕೆಯಾಗಿ ಪರಿಣಮಿಸಿತು. ಶೈವವೇಷಧಾರಿಯನ್ನು ಗೇಲಿಮಾಡಿದ ಕೃತಿಯನ್ನು ಶಿವಭಕ್ತರೇ ಉಳಿಸಿದರು. ನಗೆಗೀಡಾದುದು ವೇಷ, ಶಿವನಲ್ಲವೆಂಬ ವಿವೇಕ ಅವರಿಗಿತ್ತು. ಬಾಗೇವಾಡಿಯ ಬಸವಣ್ಣನವರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಗವದಜ್ಜುಕದ ‘ಅಜ್ಜುಕಾ’ ಎಂಬುದು ನಾಟಕಗಳಲ್ಲಿ ಗಣಿಕೆಯನ್ನು ಗೌರವದಿಂದ ಕರೆಯುವ ಮಾತು. (ನಮ್ಮ ‘ಅಜ್ಜಾರು’ ಇದರಿಂದ ಬಂದಿತೆಂದು ವಿದ್ಯಾರ್ಥಿಗಳು ಬರೆಯಬಾರದು!) ಯಮದೂತನು ಹೆಸರಿನ ಸಾಮ್ಯದಿಂದ ಮೋಸಹೋಗಿ ಬೇರೊಬ್ಬ ವಸಂತಸೇನೆಯ ಪ್ರಾಣವನ್ನು ಒಯ್ಯುತ್ತಾನೆ. ಶಿಷ್ಯ ಶಾಂಡಿಲ್ಯನಿಗೆ ಯೋಗಮಹಿಮೆಯನ್ನು ತೋರಿಸಲೆಂದು ಗುರುವು ಆಕೆಯ ದೇಹವನ್ನು ಹೊಗುತ್ತಾನೆ. ಮರಳಿ ಬಂದ ದೂತನು ಬೇರೆ ದಾರಿ ಕಾಣದೆ ಗಣಿಕೆಯ ಜೀವವನ್ನು ಗುರುವಿನ ದೇಹದಲ್ಲಿ ಇರಿಸುತ್ತಾನೆ. ಇದನ್ನು 1970ರ ದಶಕದಲ್ಲಿ ಪೈಂಕುಳಂ ರಾಮಚಾಕ್ಯಾರರು ಕೂಡಿಯಾಟ್ಟಕ್ಕೆ ಮರಳಿ ತಂದರು. ಕನ್ನಡದ ಹವ್ಯಾಸಿ ರಂಗಭೂಮಿಯೂ ಇದನ್ನು ಆಡಿದೆ.

ಮಕ್ಕಳಿಗೆ ಮತ್ತವಿಲಾಸ ತಕ್ಕುದಲ್ಲ, ಮದ್ಯದ ಪ್ರಸಂಗ ಅದರಲ್ಲಿ ಹೆಚ್ಚು. ಭಗವದಜ್ಜುಕವನ್ನಾದರೋ ಕೆಲವು ಶೃಂಗಾರದ ಮಾತುಗಳನ್ನು ಬಿಟ್ಟು ನಮ್ಮ ವಿದ್ಯಾರ್ಥಿಗಳಿಂದ ಅವಶ್ಯ ಆಡಿಸಬಹುದು. ಪರದೆ ಬೇಡ, ಸೀನು ಬೇಡ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನಿಗೂ ದೂತಿಗೂ ನಡೆಯುವ ಚಕಮಕಿಯನ್ನು ಬಲ್ಲ ತಿಕೋಟಾ, ಬಬಲೇಶ್ವರದ ಪ್ರೇಕ್ಷಕರಿಗೆ ಗುರುಶಿಷ್ಯರ ಸಂವಾದ ಹೊಸದೆನಿಸದು. ಗುರುವಿನ ಪಾತ್ರಕ್ಕೆ ಮಾತ್ರ ಕಂಠವುಳ್ಳ ಹುಡುಗನನ್ನು ಆರಿಸಬೇಕು: ಅದೇ ಕಾವಿಯುಟ್ಟು, ಅದೇ ದಂಡ ಹಿಡಿದು, ಕ್ಷಣಮಾತ್ರದಲ್ಲಿ ಅವನು ಹೆಣ್ಣಿನ ದನಿಯಲ್ಲಿ ಮಾತನಾಡಬೇಕಾಗುವುದು.