ರಿಪೇರಿಯಾದ ಲಾರಿ ಓರೆಯಾಗಿ ನಿಂತರೆ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕೊಳೆರೋಗ, ಕಾಂಡಕೊರಕ, ಗೊಬ್ಬರಗಳ ವಿಚಾರ ಬರೆಯುತ್ತೇವೆ. ಈ ಸಲ ಲಾರಿಯ ಪಾಠ. ವರ್ಷವಿಡೀ ದುಡಿದ ಬೆಳೆ ಕೊನೆಗೆ ನಾಲ್ಕು ಚಕ್ರದ ಮೇಲೆ ಕುಳಿತೇ ಘಟ್ಟದ ರಸ್ತೆ ಹಿಡಿಯುವುದರಿಂದ ಇದೂ ಬೆಳೆಗಾರರ ವಿಷಯವೇ ಆಗಿದೆ.

ಹಿಂದಿನ ಒಂದು ಕೊಯ್ಲಿನ ಕಾಲದಲ್ಲಿ ಸಂಘದ ಸಣ್ಣ ಲಾರಿಯ ಹಿಂದಿನ ಎರಡೂ ಬ್ಲೇಡ್ ಸೆಟ್ಟುಗಳನ್ನು ಬಿಚ್ಚಿಸಿ ಕಮಾನು ಎತ್ತಿಸಿದೆವು. ಮರಳಿ ಬಂದ ಲಾರಿ ಎಡಕ್ಕೆ ವಾಲಿ ನಿಂತಿತು. ಕೆಲಸ ಮಾಡಿದವರನ್ನು ಕೇಳಿದರೆ, ‘ಎಡಕ್ಕೆ ಇನ್ನೊಂದು ಬ್ಲೇಡು ಹಾಕಿದರೆ ಸರಿಹೋಗುತ್ತದೆ’ ಎಂದರು. ನಾವೂ ಒಪ್ಪಿದೆವು. ಖಾಲಿ ಲಾರಿ ನೆಟ್ಟಗೆ ನಿಂತಿತು. ಹಣ ಕೊಟ್ಟು ಬಂದೆವು.

ಮಾರನೆಯ ದಿನ 50 ಕಿಲೋದ 80 ಮೂಟೆ ಚೆರಿ ಕಾಫಿ ತುಂಬಿದಾಗ ಅದೇ ಲಾರಿ ಬಲಕ್ಕೆ ವಾಲಿತು. ಚಾಲಕ ಎರಡು ಮೈಲಿ ಹೋದವನು ತಿರುಗಿ ಬಂದ. ‘ಸಾರ್, ನೇರ ರಸ್ತೆಯಲ್ಲೂ ಸ್ಟೇರಿಂಗ್ ಬಲಕ್ಕೆ ಹಿಡಿದೇ ಇರಬೇಕು. ಇದನ್ನು ಘಟ್ಟಕ್ಕೆ ಒಯ್ಯುವುದಿಲ್ಲ’ ಎಂದ. ಸದಸ್ಯರು ಹಣಕ್ಕೆ ಕಾದಿದ್ದರು, ಕ್ಯೂರಿಂಗ್ ವರ್ಕ್ಸಿಗೆ ಅಂದೇ ಮಾಲು ಮುಟ್ಟಬೇಕಿತ್ತು. ನಾವು ಅವನನ್ನು ಗದರಿಸಿದ್ದೂ ಉಂಟು. ಅವನು ಕೀಲಿಯನ್ನು ಮೇಜಿನ ಮೇಲಿಟ್ಟ. ಮಾಲನ್ನು ಬಾಡಿಗೆ ಲಾರಿಗೆ ಏರಿಸಿ, ಟೇಪು ಹಿಡಿದು ನಾವೇ ಅಳೆಯಲು ಕುಳಿತೆವು.

ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆದಾಗ, ಬಲಗಡೆ ಮುಕ್ಕಾಲು ಇಂಚು ಹೆಚ್ಚು ಬಂತು. ಅಂದರೆ ಹಿಂದಿನ ಆಕ್ಸಲ್ಲೇ ಓರೆಯಾಗಿ ಕೂತಿತ್ತು. ಬ್ಲೇಡುಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ತಲೆಯು ಆಕ್ಸಲ್ ಮೇಲಿನ ಕುಳಿಯೊಳಗೆ ಇಳಿದು ಕೂರಬೇಕು. ಬಲಗಡೆ ಅದು ಕುಳಿಯ ಪಕ್ಕದಲ್ಲಿ ಕೂತಿತ್ತು. ಅದರ ಮೇಲೆಯೇ ಯು-ಬೋಲ್ಟ್ ಬಿಗಿದಿದ್ದರು. ಬೋಲ್ಟಿನ ತಲೆಯಷ್ಟು ಬಲಬದಿ ಎತ್ತರವಾಗಿತ್ತು. ತಗ್ಗಿ ಕಂಡದ್ದು ಎಡ, ತಪ್ಪಿದ್ದದ್ದು ಬಲ! ನಾವು ಹಾಕಿಸಿದ ಬ್ಲೇಡು ಎಡವನ್ನು ಗಡುಸು ಮಾಡಿತು. ಆದ್ದರಿಂದ ಭಾರ ಬಿದ್ದಾಗ ಎಡ ಕಡಿಮೆ ಇಳಿಯಿತು, ಬಲ ಹೆಚ್ಚು ಇಳಿಯಿತು. ಹೀಗೆ ರೋಗ ಉಳಿಯಿತು, ಅದರ ಗುರುತು ಮಾತ್ರ ಮುಚ್ಚಿಹೋಯಿತು.

ಇದರಿಂದ ಕಲಿಯಬೇಕಾದದ್ದು ಇಷ್ಟೇ: ವಾಲಿದ ಗಾಡಿಗೆ ಬ್ಲೇಡನ್ನಾಗಲಿ ಪ್ಯಾಕಿಂಗನ್ನಾಗಲಿ ಸೇರಿಸುವ ಮೊದಲು ಕಾರಣ ಹುಡುಕಬೇಕು. ಹುಡುಕುವ ಕ್ರಮ ಹೀಗೆ:

1. ನೆಲ ಮತ್ತು ಟೈರು. ಗಾಡಿಯನ್ನು ಖಾಲಿ ಮಾಡಿ ಸಮನೆಲದ ಮೇಲೆ ನಿಲ್ಲಿಸಿ. ನಮ್ಮ ಸಿಮೆಂಟು ಕಣ ಸಮವೆಂದು ಕಾಣುತ್ತದೆ, ಆದರೆ ನೀರು ಹರಿಯಲು ವಾಟ ಕೊಟ್ಟಿರುತ್ತೇವೆ. ಆದ್ದರಿಂದ ಒಮ್ಮೆ ಅಳೆದು, ಗಾಡಿಯನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ಮತ್ತೆ ಅಳೆಯಿರಿ. ಓರೆ ಬದಿ ಬದಲಿಸಿದರೆ ತಪ್ಪು ನೆಲದ್ದು. ಎಡಬಲ ಟೈರುಗಳ ಗಾಳಿ ಮತ್ತು ಅಳತೆ ಒಂದೇ ಇರಲಿ.

2. ಅಳತೆ. ನಾಲ್ಕೂ ಚಕ್ರಗಳ ಬಳಿ ಆಕ್ಸಲ್‌ನಿಂದ ಚಾಸಿಸ್‌ಗೆ ಎಷ್ಟು ಎತ್ತರವೆಂದು ಬರೆದುಕೊಳ್ಳಿ. ಡಕ್ಕಿನ ಅಂಚನ್ನು ನಂಬಬೇಡಿ. ಬ್ಲೇಡಿನ ಬಳಿಯ ಸಣ್ಣ ವ್ಯತ್ಯಾಸ ಅಲ್ಲಿ ದೊಡ್ಡದಾಗಿ ಕಾಣುತ್ತದೆ, ಡಕ್ಕೇ ಸೊಟ್ಟಗಿರುವುದೂ ಉಂಟು. ಮುಂದಿನ ಚಕ್ರಗಳನ್ನು ನೇರ ಮಾಡಿ, ಚಕ್ರದ ನಡುವಿನಿಂದ ನಡುವಿಗೆ ಎರಡೂ ಬದಿ ಅಳೆಯಿರಿ. ಇಲ್ಲಿ ಹೊಸದಾಗಿ ವ್ಯತ್ಯಾಸ ಕಂಡರೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

3. ಬೋಲ್ಟುಗಳು. ಸೆಂಟರ್ ಬೋಲ್ಟಿನ ತಲೆ ಕುಳಿಯಲ್ಲಿದೆಯೇ, ಯು-ಬೋಲ್ಟಿನ ಕಾಲುಗಳು ನೇರವಾಗಿವೆಯೇ ನೋಡಿಸಿ. ಹೊಸದಾಗಿ ಬಿಗಿದ ಯು-ಬೋಲ್ಟು ಭಾರ ಹೊತ್ತು ಓಡಿದ ಮೇಲೆ ಸಡಿಲುವುದು ಸಹಜ. ಮೊದಲ ಲೋಡು ಇಳಿಸಿ ಬಂದೊಡನೆ ಮತ್ತೆ ಬಿಗಿಸಬೇಕು.

4. ಬುಷ್ ಮತ್ತು ಶ್ಯಾಕಲ್. ಗಾಡಿಯನ್ನು ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ರಬ್ಬರ್ ಬುಷ್‌ನ ಬೋಲ್ಟನ್ನು ಪೂರ್ತಿ ಬಿಗಿದರೆ, ಕೆಳಗಿಳಿಸಿದಾಗ ರಬ್ಬರು ತಿರುಚಿಕೊಂಡು ಆ ಬದಿಯನ್ನು ಎತ್ತಿ ಹಿಡಿಯುತ್ತದೆ. ಬೋಲ್ಟು ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲಿರುವಾಗ ಬಿಗಿಸಿದರೆ ಎಷ್ಟೋ ಓರೆಗಳು ಅಲ್ಲಿಗೇ ತೀರುತ್ತವೆ. ಲೋಹದ ಬುಷ್ ಆದರೆ ಗ್ರೀಸು ಕಾಣದೆ ಶ್ಯಾಕಲ್ ಹಿಡಿದುಕೊಂಡಿದೆಯೇ ನೋಡಿ.

5. ಬ್ಲೇಡುಗಳು. ಎರಡೂ ಬದಿಯ ಬ್ಲೇಡುಗಳನ್ನು ಎಣಿಸಿ. ದಪ್ಪ ಮತ್ತು ಕಮಾನು ಹೋಲಿಸಿ. ಕೆಸರು ತೊಳೆಸಿ ನೋಡಿ, ಕ್ಲಿಪ್ಪಿನ ಅಡಿಯಲ್ಲಿ ಕಟ್ಟಾದ ಬ್ಲೇಡು ಅಡಗಿರಬಹುದು. ಒಂದು ಬದಿ ಹೊಸದು, ಇನ್ನೊಂದು ಹಳೆಯದು ಮಾಡಬೇಡಿ; ಜೋಡಿಯಾಗಿಯೇ ಬದಲಿಸಿ. ಕೆಲವು ಪಿಕಪ್‌ಗಳಲ್ಲಿ ಮುಂದೆ ಬ್ಲೇಡಿನ ಬದಲು ಟಾರ್ಷನ್ ಬಾರ್ ಇರುತ್ತದೆ. ಅದರ ಎತ್ತರ ಹೊಂದಿಸುವ ಬೋಲ್ಟುಗಳನ್ನು ಪರೀಕ್ಷಿಸಿ.

6. ಹಿಂದೋ ಮುಂದೋ? ಹಿಂದಿನ ಓರೆಗೆ ಮುಂದಿನ ಬ್ಲೇಡು ಕಾರಣವಿರಬಹುದು. ಖಾಲಿ ಗಾಡಿಯ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟು, ಚಾಸಿಸ್‌ನ ಹಿಂಬದಿಯ ಗಟ್ಟಿ ಅಡ್ಡಪಟ್ಟಿಯ ನಟ್ಟನಡುವೆ ಜಾಕಿ ಇಟ್ಟು, ಬ್ಲೇಡಿನ ಭಾರ ಇಳಿಯುವಷ್ಟು ಎತ್ತಿಸಿ. ಆಗ ಚಾಸಿಸ್ ಸಮವಾದರೆ ತಪ್ಪು ಹಿಂದಿನದು. ಓರೆ ಹಾಗೇ ಉಳಿದರೆ ಮುಂದಿನದು. ಇದನ್ನು ವರ್ಕ್‌ಶಾಪಿನಲ್ಲಿಯೇ ಮಾಡಿಸಿ. ಜಾಕಿಯ ಮೇಲಿರುವ ಗಾಡಿಯ ಅಡಿಗೆ ಯಾರೂ ಹೋಗಕೂಡದು.

ಎಲ್ಲ ನೋಡಿದ ಮೇಲೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದರೆ ಚಿಂತೆ ಬೇಡ. ಡೀಸೆಲ್ ಟ್ಯಾಂಕು, ಬ್ಯಾಟರಿ ಒಂದೇ ಬದಿಗಿದ್ದರೆ ಅಷ್ಟು ಇದ್ದೇ ಇರುತ್ತದೆ. ಅದಕ್ಕಾಗಿಯೇ ರಿಪೇರಿಗೆ ಬಿಡುವ ಮುನ್ನವೂ ಅಳೆದು ಬರೆದಿಡಬೇಕು. ಮೊದಲು ಹೇಗಿತ್ತೆಂದು ತಿಳಿಯದವನಿಗೆ ಈಗ ಹೇಗಾಗಿದೆ ಎಂದು ವಾದಿಸಲು ಬಾಯಿಲ್ಲ.

ಬಲಬದಿಯನ್ನು ಬಿಚ್ಚಿ ಸರಿಯಾಗಿ ಕೂರಿಸಿ, ಹೆಚ್ಚಿನ ಬ್ಲೇಡನ್ನು ತೆಗೆಸಿದ ಮೇಲೆ ನಮ್ಮ ಲಾರಿ ನೆಟ್ಟಗಾಯಿತು. ಆ ಬ್ಲೇಡು ಈಗಲೂ ಸಂಘದ ಕಚೇರಿಯ ಮೂಲೆಯಲ್ಲಿದೆ. ಚಾಲಕನಲ್ಲಿ ನಾವು ಕ್ಷಮೆ ಕೇಳಿದೆವು. ಗಾಡಿ ಸರಿಯಿಲ್ಲ ಎಂದು ಚಾಲಕ ಹೇಳಿದರೆ ಅಂದು ಮಾಲು ನಿಲ್ಲಲಿ. ಮೂಟೆ ನಾಳೆಯೂ ಹೋದೀತು. ಘಟ್ಟದ ತಿರುವಿನಲ್ಲಿ ಹೋದ ಜೀವ ಮರಳಿ ಬಾರದು.

— ಕಾರ್ಯದರ್ಶಿ