ವಿಚಾರಬುದ್ಧಿಯ ವಿಕಾರಗಳು

ಕೆಲವರ ಸ್ವಭಾವವೇ ಹೀಗೆ: ಯಾವ ಮಾತನ್ನೂ ಕೇಳಿದೊಡನೆ ಒಪ್ಪರು, ಬಿಡಿಸಿ, ಜೋಡಿಸಿ, ಕಾರಣವನ್ನರಸಿ, ಬಳಿಕ ಒಪ್ಪುವರು. ಇದು ದೋಷವಲ್ಲ. ಗೂಳೂರು ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಮುಕ್ತಾಯಕ್ಕನ ಪ್ರಸಂಗವನ್ನು ನೋಡಿರಿ. ಅಣ್ಣನೂ ಗುರುವೂ ಆದ ಅಜಗಣ್ಣನನ್ನು ಕಳೆದುಕೊಂಡ ದುಃಖದಲ್ಲಿಯೂ ಆಕೆ ಅಲ್ಲಮಪ್ರಭುವಿನ ಮಾತನ್ನು ಸುಮ್ಮನೆ ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲ. ಅರಿತವನಿಗೆ ಇಷ್ಟು ಮಾತೇಕೆ ಎಂದು ಆತನನ್ನೇ ಪ್ರಶ್ನಿಸಿದಳು. ಪ್ರಭುವು ಅದನ್ನು ಉದ್ಧಟತನವೆಂದು ಬಗೆಯದೆ ಉತ್ತರವಿತ್ತನು. ಆಕೆಯದು ತಿಳಿಯಬೇಕೆಂಬ ಹಸಿವಿನ ಪ್ರಶ್ನೆ. ಉತ್ತರವು ಬಂದಾಗ ಅದಕ್ಕೆ ಎದೆಯಲ್ಲಿ ಎಡೆಯಿತ್ತು.

ಇದೇ ಬುದ್ಧಿಯು ಹದತಪ್ಪಿದರೆ ವ್ಯಾಧಿಯಾಗುವುದು. ಹುಳಿತ ಹಾಲೂ ಬೆಳ್ಳಗೇ ಇರುವಂತೆ, ಹೊರನೋಟಕ್ಕೆ ಅದೂ ವಿಚಾರದಂತೆಯೇ ಕಾಣುವುದರಿಂದ ಗುರುತಿಸುವುದು ಕಷ್ಟ.

ಬಿತ್ತನೆಗೆ ಹದ ಬಂದಿದೆ. ಇನ್ನೊಂದು ಮಳೆ ನೋಡೋಣ, ಇನ್ನೊಬ್ಬರನ್ನು ಕೇಳೋಣ ಎನ್ನುತ್ತ ಕುಳಿತವನಿಗಾಗಿ ಹದವು ಕಾಯುವುದಿಲ್ಲ. ಆತನು ಸೋಮಾರಿಯಲ್ಲ, ಹಗಲೆಲ್ಲ ಮನಸ್ಸಿನಲ್ಲಿಯೇ ದುಡಿದು ದಣಿದಿರುತ್ತಾನೆ. ಎಂದೂ ತಪ್ಪಬಾರದೆಂಬ ಹಟವೇ ಆತನ ಕೈಗಳನ್ನು ಕಟ್ಟಿರುತ್ತದೆ. ಇತರರ ಮಾತಿನಲ್ಲಿ ಬಿರುಕು ಹುಡುಕುವ ಚಟವು ಇದರ ಸೋದರ. ಅದನ್ನು ವಾಚಕರೆಲ್ಲರೂ ಬಲ್ಲರಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದೊಂದುಂಟು. ಒಳ್ಳೆಯ ಮಾತಿನ ರುಚಿಯಲ್ಲಿ, ಮಾಡಬೇಕಾದುದನ್ನು ಮರೆಯುವುದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಮಾರಯ್ಯನ ಕಾಯಕವೆಂದರೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಕಾಯಕದ ನಡುವೆ ಗುರುವೇ ಎದುರು ಬಂದರೂ ಕೈ ಬಿಡಬಾರದೆಂಬ ಅಭಿಪ್ರಾಯವನ್ನು ಸಾರಿದ ಶರಣನಾತ. ಅಂಥವನೇ ಪ್ರಭುವಿನೊಡನೆ ಅನುಭಾವದ ಮಾತಿಗೆ ತೊಡಗಿ ಹೊತ್ತನ್ನು ಮರೆತನು. ಸತಿ ಲಕ್ಕಮ್ಮನು ಬಂದು, ನಿಂತುಹೋದ ಕಾಯಕವನ್ನು ನೆನಪಿಸಿದಳು. ಆಕೆ ಅವನ ಸಿದ್ಧಾಂತವನ್ನು ಖಂಡಿಸಲಿಲ್ಲ; ಆಗಬೇಕಾದ ಕೆಲಸವನ್ನು ತೋರಿಸಿದಳು. ಮಾರಯ್ಯನು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಹಾಕಿ ಬಾ ಎಂದು ಮತ್ತೆ ತಿದ್ದಿದವಳೂ ಆಕೆಯೇ. ಮರೆವಿನ ನಷ್ಟವನ್ನು ದುಪ್ಪಟ್ಟು ತುಂಬಿಕೊಡುವ ಲೆಕ್ಕವೂ ಬುದ್ಧಿಯದೇ ಒಂದು ಆಟವೆಂದು ನಮಗೆ ತೋರುತ್ತದೆ. ಎರಡು ಸಲವೂ ತಿದ್ದುಪಡಿಯು ಮಾರಯ್ಯನ ಒಳಗಿನಿಂದ ಬರಲಿಲ್ಲವೆಂಬುದನ್ನು ಗಮನಿಸಬೇಕು. ತನ್ನ ವಿಚಾರದೊಳಗೆ ಕುಳಿತವನಿಗೆ ತನ್ನ ತಪ್ಪು ಕಾಣದು. ವಿಚಾರವೇ ಅದಕ್ಕೆ ಸಮರ್ಥನೆಯನ್ನು ಒದಗಿಸುತ್ತಿರುತ್ತದೆ. ಆದುದರಿಂದ ಇಂಥ ಸ್ವಭಾವದ ಗೃಹಸ್ಥನು ಮನೆಯಲ್ಲಿ ಒಬ್ಬರ ಮಾತಿಗಾದರೂ ವಾದವಿಲ್ಲದೆ ಏಳುವುದನ್ನು ರೂಢಿಸಿಕೊಳ್ಳುವುದು ಲೇಸು.

ಇನ್ನುಳಿದ ವಿಕಾರವನ್ನು ಬರೆಯಲು ಸಂಕೋಚವಾಗುತ್ತದೆ. ನೆರೆಮನೆಯ ಹಿರಿಯ ಮಗನು ಚಿಕ್ಕ ವಯಸ್ಸಿನಲ್ಲಿಯೇ ಲಿಂಗೈಕ್ಯನಾದನು. ನಾಲ್ಕು ದಿನಗಳ ಬಳಿಕ ತಂದೆಯು ನಮ್ಮ ಜಗುಲಿಗೆ ಬಂದು ಕುಳಿತು, "ಬೇರೆ ವೈದ್ಯರಲ್ಲಿಗೆ ಒಯ್ದಿದ್ದರೆ ಉಳಿಯುತ್ತಿದ್ದನೇನಪ್ಪಾ?" ಎಂದು ಕೇಳಿದನು. ನಾನು ರೋಗದ ಆರಂಭ, ತಡವಾದ ದಿನಗಳು, ಔಷಧದ ಮಿತಿ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆನು. ಹೇಳಿದುದರಲ್ಲಿ ಸುಳ್ಳಿರಲಿಲ್ಲ. ಆತನು ಕೊನೆಯವರೆಗೂ ಕೇಳಿ, "ಆಗಲಪ್ಪಾ" ಎಂದು ಎದ್ದುಹೋದನು. ಒಳಗಿದ್ದ ತಾಯಿಯವರು ಹೊಸ್ತಿಲಿಗೆ ಬಂದು, "ಅವನು ನಿನ್ನನ್ನು ಲೆಕ್ಕ ಕೇಳಿದನೇನೋ?" ಎಂದರು. ಸಂಜೆ ತಾವೇ ಆ ಮನೆಗೆ ಹೋಗಿ, ಆ ತಾಯಿಯ ಬಳಿ ಮಾತಿಲ್ಲದೆ ಬಹಳ ಹೊತ್ತು ಕುಳಿತು ಬಂದರು.

ಆ ವಿವರಣೆ ಯಾರಿಗೆ ಬೇಕಾಗಿದ್ದಿತೆಂಬುದು ನನಗೆ ತಿಳಿಯಲು ಕೆಲವು ದಿನಗಳು ಹಿಡಿದವು. ಮುದುಕನ ಕಣ್ಣೀರನ್ನು ನೋಡಲಾರದೆ ನಾನು ಕಾರಣಗಳ ಮರೆಗೆ ಸರಿದು ನಿಂತಿದ್ದೆನು.

ಶಿವಗಣಾರಾಧನೆಯ ದಿನ ನಾನೂ ಹೋದೆನು. ಆತನು ಚಾಪೆಯನ್ನು ಹಾಸಿ ಪಕ್ಕದಲ್ಲಿ ಕುಳಿತನು. ಏನನ್ನೂ ಕೇಳಲಿಲ್ಲ; ನಾನೂ ಏನನ್ನೂ ಹೇಳಲಿಲ್ಲ.